ಜಗವೀರನಿಗೆ ಹೆಣ್ಣು ಕೇಳಿದ್ದು

…ಇಲ್ಲ ಇಲ್ಲ, ಕಪ್ಪು-ಬಸಿ ಕೊಳ್ಳೋಕೆ ಬಂದಿಲ್ಲ ನಾನು. ದಮ್ಮಯ್ಯ ಅಂತೀನಿ, ಕಪ್ಪಿನ ಸುದ್ದಿ ಮಾತ್ರ ಎತ್ತಬೇಡಿ ತಸ್ನೀಮ್ ಬೀಬಿ. ನಮ್ಮನೇಲಿ ಕಪ್ಪು ಇಡೋಕೆ ಜಾಗ ಉಳಿದಿಲ್ಲ. ಇರೋದು ಇಬ್ಬರು, ನಾನು, ನನ್ನ ಮೈದುನ. ಉಪ್ಪು ಕಪ್ಪಲ್ಲಿ, ಮೆಂತ್ಯ ಕಪ್ಪಲ್ಲಿ, ಸೂಜಿ-ದಾರ ಕಪ್ಪಲ್ಲಿ. ಮೊನ್ನೆ ಗುಬ್ಬಚ್ಚಿಗೆ ನೀರಿಟ್ಟಿದ್ದೂ ನಿಮ್ಮ ನೀಲಿ ಹೂವಿನ ಕಪ್ಪಲ್ಲೇ. ಆ ಗುಬ್ಬಚ್ಚಿಗೂ ಬೇಜಾರು ಬಂದು ಪಕ್ಕದ ಮನೆಗೆ ಹೋಗ್ತಿದೆ ಈಗ.

ನಾನು ಯಾರು ಅಂತ ಗೊತ್ತಾಯ್ತಲ್ಲ? ಶರ್ಬತಿ. ಮೈಕ್‌ಸೆಟ್ ಜಗವೀರನ ಅತ್ತಿಗೆ.

ಹಾಂ, ನೋಡಿ, ಹೆಸರು ಹೇಳಿದ ಕೂಡಲೆ ಬ್ರಷ್ ಕೆಳಗಿಟ್ಟಿರಿ. ಇಡಬೇಡಿ, ಬಣ್ಣ ಒಣಗುತ್ತೆ. ನೀವು ಹೂವು ಬರೀತಾ ಇರಿ, ನಾನು ಮಾತಾಡ್ತೀನಿ. ಮುಖ ಮುಖ ನೋಡ್ಕೊಂಡು ಆಡೋ ಮಾತಲ್ಲ ಇದು. ಈ ಹುಡುಗೀರನ್ನ ಒಂದಿಷ್ಟು ಹೊತ್ತು ಹೊರಗೆ ಕಳಿಸ್ತೀರಾ? ಚಹಾ ಕುಡಿದು ಬರ್ಲಿ. … ಯಾಕೆ ಕಿಸಿಕಿಸಿ ನಗ್ತಾ ಹೋದ್ವು ಅವು? ಅವಕ್ಕೂ ಗೊತ್ತಾ? ಸರಿ ಹೋಯ್ತು. ಹಾಗಾದ್ರೆ ಊರಲ್ಲಿ ಗೊತ್ತಿಲ್ಲದೆ ಇರೋಳು ನಾನೊಬ್ಬಳೇ ಆಗಿದ್ದೆ.

ತಗೊಳ್ಳಿ, ಇದು ಖುರ್ಚನ್. ನಾನೇ ಕೂತು ಹಾಲು ಕಾಯಿಸಿ, ಕೆನೆ ಕೆರೆದು ಕೆರೆದು ಮಾಡಿದ್ದು, ಪೇಟೆಯದಲ್ಲ. ಯಾವುದರಲ್ಲಿ ತಂದಿದೀನಿ ಅಂತ ನೋಡಬೇಡಿ. ಹೂಂ, ಕಪ್ಪಲ್ಲೇ.

ಜಗವೀರನ ಬಗ್ಗೆ ಸ್ವಲ್ಪ ಹೇಳಬೇಕು ನಿಮಗೆ. ನೀವು ನೋಡಿರೋದು ಕಪ್ಪು ಕೊಳ್ಳೋ ಜಗವೀರನನ್ನ. ಊರು ನೋಡಿರೋದು ಬೇರೆ. ಅವನ ಕಸುಬು ಮದುವೆಗೆ, ಸಭೆಗೆ ಮೈಕು ಬಾಡಿಗೆ ಕೊಡೋದು. ಮೈಕು ಅವನದು, ಹಾಗಾಗಿ ಭಾಷಣವೂ ಅವನದೇ. ಯಾರೂ ಕರೀಬೇಕಾಗಿಲ್ಲ. ವೈರ್ ಜೋಡಿಸ್ತಾನೆ, ಹಲೋ ಹಲೋ ಅಂತಾನೆ, ಆ ಹಲೋನಿಂದ ಹಾಗೇ ಭಾಷಣಕ್ಕೆ ಜಾರ್ತಾನೆ. ‘ಅವರಿಗೆ ನಾಲ್ಕು ಹೆಂಡಿರು ನಲವತ್ತು ಮಕ್ಕಳು. ನಮಗೆ ಒಂದೇ ಹೆಂಡತಿ, ಒಂದೇ ಮಗು, ಆ ಮಗುವೂ ಟ್ಯೂಷನ್‌ಗೆ ಹೋಗಿದೆ. ಹೀಗಾದ್ರೆ ನಾವು ಮುಗಿದೇ ಹೋಗ್ತೀವಿ. ಒಬ್ಬೊಬ್ಬ ತಾಯೀನೂ ನಾಲ್ಕು ನಾಲ್ಕು ಹೆರಬೇಕು’ ಅಂತ.

ಒಂದು ಸಲ ಮುಂದಿನ ಸಾಲಲ್ಲಿ ಬಿರ್ಮೋ ಅಜ್ಜಿ ಕೂತಿದ್ಳು. ಹೇಳಿ ಕೇಳಿ ಜೋರು ಬಾಯಿ. ‘ಏ ಜಗವೀರ, ನಮ್ಮದೆಲ್ಲ ಹೆತ್ತು ಮುಗೀತು. ನಿನ್ನ ಪಾಲಿನ ನಾಲ್ಕು ಎಲ್ಲಿಟ್ಟಿದೀಯೋ?’ ಅಂದ್ಳು. ಮೈಕು ಹತ್ತಿರ ಇತ್ತು ನೋಡಿ, ರೈಲ್ವೆ ಗೇಟಿನ ತನಕ ಕೇಳಿಸ್ತು. ಇವನಿಗೆ ಮದುವೇನೇ ಆಗಿಲ್ಲವಲ್ಲ. ‘ಸಮಾಜಸೇವೆಗೋಸ್ಕರ ಆಗಲಿಲ್ಲ’ ಅಂದ. ‘ಸೇವೆ ಮಾಡೋಕೆ ಸಮಾಜ ಬೇಡ್ವಾ, ಹೆರೋ’ ಅಂದ್ಳು ಅಜ್ಜಿ.

ನಗಿ, ನಗಿ. ಬ್ರಷ್ ಜೋಪಾನ.

ನಾಲ್ಕು ಹೆಂಡಿರ ಮಾತು ಬಂತಲ್ಲ. ನಮ್ಮನೆ ನಡುಮನೇಲಿ ಒಂದು ಫೋಟೋ ಇದೆ. ಜಗವೀರನ ಅಜ್ಜಂದು. ಅಜ್ಜ ಕುರ್ಚಿ ಮೇಲೆ, ಆ ಕಡೆ ಒಬ್ಬ ಅಜ್ಜಿ, ಈ ಕಡೆ ಒಬ್ಬ ಅಜ್ಜಿ. ಅಕ್ಕ-ತಂಗಿ. ಇಬ್ಬರನ್ನೂ ಕಟ್ಟಿಕೊಂಡಿದ್ದ ಪುಣ್ಯಾತ್ಮ. ಮಕ್ಕಳು ಎಷ್ಟಿದ್ವು ಅಂದ್ರೆ ಅವನಿಗೆ ಹೆಸರು ನೆನಪಿರ್ತಿರಲಿಲ್ಲವಂತೆ, ಎಲ್ಲವನ್ನೂ ‘ಏ ನೀನು’ ಅಂತಿದ್ದನಂತೆ. ‘ಇದಕ್ಕೇನಂತೀಯೋ’ ಅಂತ ಕೇಳಿದೆ ಒಂದಿನ. ‘ಅದು ಕಾನೂನು ಬರೋಕೆ ಮುಂಚಿನ ಮಾತು ಅತ್ತಿಗೆ’ ಅಂತ ಫೋಟೋ ಮೇಲೆ ಕ್ಯಾಲೆಂಡರ್ ನೇತುಹಾಕಿದ. ಗಾಳಿ ಬಂದಾಗೆಲ್ಲ ಇಬ್ಬರು ಅಜ್ಜೀರೂ ಇಣುಕಿ ನೋಡ್ತಾರೆ.

ನಿಮ್ಮ ತಂದೆಗೆ ಎಷ್ಟು ಜನ? ಒಬ್ಬರೇ ತಾನೆ. ಆ ಒಬ್ಬರಿಗೇ ಹೆದರಿ ಕಪ್ಪು ಸುಡೋ ಭಟ್ಟಿ ಮನೇಲೇ ಮಲಗ್ತಿದ್ರು ಅಂತ ಕೇಳಿದೀನಿ… ಅಯ್ಯೋ, ಬೇಜಾರು ಮಾಡ್ಕೋಬೇಡಿ, ಜಗವೀರನೇ ಹೇಳಿದ್ದು. ನೀವೇ ಅವನಿಗೆ ಹೇಳಿದ್ರಂತಲ್ಲ.

ನೋಡಿ, ಅಲ್ಲಿಗೇ ಬರ್ತಿದೀನಿ. ಅವನು ಈ ಓಣಿಗೆ ಮೊದಲು ಯಾಕೆ ಬಂದ, ಗೊತ್ತಾ ನಿಮಗೆ? ಗೊತ್ತಿರ್ಲಿಕ್ಕಿಲ್ಲ. ಅವನದೊಂದು ಧರ್ಮರಕ್ಷಣೆ ಸಮಿತಿ ಇದೆಯಲ್ಲ, ಅದರ ಹುಡುಗರು ಓಡಿ ಬಂದ್ರು, ‘ಅಣ್ಣ, ನಮ್ಮ ಹುಡುಗಿ ರಿಂಕಿ ದಿನಾ ಕುಂಬಾರ ಓಣೀಲಿ ಒಂದು ಮುಸಲ್ಮಾನರ ಮನೆಗೆ ಹೋಗ್ತಾಳೆ, ಒಳಗೆ ಯಾರೋ ಹುಡುಗ ಇರಬೇಕು, ಬಲೆ ಹಾಕಿದಾನೆ’ ಅಂತ. ಇವನು ಮೀಸೆ ತಿರುವಿಕೊಂಡು ಬಂದ. ಬಾಗಿಲು ತಳ್ಳಿದ. ಒಳಗೆ ಹುಡುಗ ಇಲ್ಲ, ಹುಪ್ಪಟೆ ಇಲ್ಲ. ನೀವು, ನಿಮ್ಮ ಸುತ್ತ ಹುಡುಗೀರು, ಹಸಿ ಕಪ್ಪಿಗೆ ಬಣ್ಣ ಹಚ್ಚೋದು ಕಲೀತಿದಾರೆ. ನೀವು ತಲೆ ಎತ್ತಿ ‘ಏನು ಬೇಕಿತ್ತು’ ಅಂದ್ರಂತೆ. ಇವನಿಗೆ ಬಾಯಿ ಬಿದ್ದು ಹೋಯ್ತು. ಇವನಿಗೆ, ತಿಳ್ಕೊಳ್ಳಿ. ‘ಕಪ್ಪು’ ಅಂದ.

ಆವತ್ತು ಶುರುವಾಗಿದ್ದು.

ಮಾರನೇ ದಿನ ಮತ್ತೆ ಬಂದ. ಅದರ ಮಾರನೇ ದಿನಾನೂ. ಸಂಜೆ ಮನೆಗೆ ಬಂದ್ರೆ ಕಂಕುಳಲ್ಲಿ ಹುಲ್ಲು ಸುತ್ತಿದ ಕಪ್ಪು. ‘ಏನಪ್ಪಾ, ಆ ಹುಡುಗ ಇವತ್ತಾದ್ರೂ ಸಿಕ್ಕಿದ್ನಾ’ ಅಂತೀನಿ. ‘ಇಲ್ಲ ಅತ್ತಿಗೆ, ತನಿಖೆ ನಡೀತಿದೆ’ ಅಂತಾನೆ. ಇಡೀ ಚಳಿಗಾಲ ತನಿಖೆ. ಹೋಳಿ ಹೊತ್ತಿಗೆ ಮೀಸೆಗೆ ಬಣ್ಣ ಬಂತು. ನಾನು ಹೋಳಿ ಬಣ್ಣವೇ ಹೋಗಿಲ್ಲ ಅಂದುಕೊಂಡಿದ್ದೆ. ಒಂದಿನ ರೊಟ್ಟಿ ಮುರೀತಾ ಮುರೀತಾ, ‘ಅತ್ತಿಗೆ, ನಲವತ್ತೆಂಟು ಅಂದ್ರೆ ತುಂಬಾನೇ ವಯಸ್ಸಾದ ಹಾಗಾ?’ ಅಂದ. ‘ಎಮ್ಮೆಗಾದ್ರೆ ಹೌದು’ ಅಂದೆ. ನನಗೇನು ಗೊತ್ತು.

ಗೊತ್ತಾಗಿದ್ದು ಸಭೇಲಿ. ಸಬ್ಜಿ ಮಂಡಿ ಹಿಂದೆ ಸಮಿತಿಯ ದೊಡ್ಡ ಸಭೆ. ಇವನು ಮೈಕು ಹಿಡಿದ. ‘ಅವರಿಗೆ ನಾಲ್ಕು ಹೆಂಡಿರು…’ ಅಂದ, ನಿಂತ. ಕೆಮ್ಮಿದ. ‘ಎಲ್ಲರಿಗೂ ಅಲ್ಲ’ ಅಂದ. ಜನ ಮುಖ ಮುಖ ನೋಡ್ಕೊಂಡ್ರು. ‘ಕುಂಬಾರ ಓಣೀಲಿ ನಾನೇ ಖುದ್ದು ವಿಚಾರಿಸಿದೀನಿ. ಅಲ್ಲಿ ಇರೋ ಒಬ್ಬಳನ್ನ ಸುಧಾರಿಸೋಕೇ ಆಗ್ತಿಲ್ಲ ಪಾಪ. ಮತ್ತೆ ಮಕ್ಕಳು… ಹುಡುಗೀರು ಓದಿದ ಹಾಗೆಲ್ಲ ಮಕ್ಕಳು ಕಮ್ಮಿ ಆಗ್ತವಂತೆ, ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಇನ್ನು ಕೆಲವರಿಗಂತೂ… ಕೆಲವರಿಗಂತೂ ಮದುವೇನೇ ಆಗಿಲ್ಲ’ ಅಂದ. ಆ ‘ಕೆಲವರು’ ಅನ್ನೋವಾಗ ಅವನ ದನಿ ಹೆಂಗಾಯ್ತು ಅಂದ್ರೆ, ನಾನು ಹೆಂಗಸರ ಕಡೆ ಕೂತಿದ್ದೆ, ಅಲ್ಲೇ ತಿಳೀತು ನನಗೆ, ಆ ಕೆಲವರು ಒಬ್ಬರೇ ಅಂತ.

ಸಮಿತಿಯ ಅಧ್ಯಕ್ಷರು ಬಿಸಿಲು ತಲೆಗೆ ಏರಿದೆ ಅಂದುಕೊಂಡು ಒದ್ದೆ ಟವೆಲ್ ತಂದು ನೆತ್ತಿ ಮೇಲೆ ಹಾಕಿದ್ರು. ಆ ಟವೆಲ್ ಹಾಕ್ಕೊಂಡೇ ವಂದನಾರ್ಪಣೆ ಮಾಡಿ ಇಳಿದ.

ಮನೆಗೆ ಬಂದು ಬಾಯಿ ಬಿಡಿಸಿದೆ. ಬಿಟ್ಟ. ನಾನು ಬಯ್ದೆ. ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗೇ ಬಯ್ದೆ. ‘ಊರಲ್ಲಿ ಇಷ್ಟು ಜನ ಇದ್ರು, ನಿನಗೆ ಅವರೇ ಆಗಬೇಕಿತ್ತಾ’ ಅಂದೆ. ‘ಊರಲ್ಲಿ ಇಷ್ಟು ವರ್ಷ ಇದ್ದೆ, ಏನು ಬೇಕು ಅಂತ ಕೇಳಿದೋರು ಅವರೊಬ್ಬರೇ ಅತ್ತಿಗೆ’ ಅಂದ. ನೀವು ಕೇಳಿದ್ದು ಅಂಗಡಿ ಮಾತು ಅಂತ ನನಗೆ ಗೊತ್ತು. ಹೇಳೋಕೆ ಮನಸ್ಸು ಬರಲಿಲ್ಲ.

ಆಮೇಲೆ ಇದನ್ನೂ ಕೇಳಿ. ನಿಮ್ಮ ಮೌಲವಿ ಸಾಹೇಬರ ಹತ್ತಿರ ಹೋಗಿದ್ದ. ‘ನನ್ನ ಸ್ನೇಹಿತನೊಬ್ಬ ಇದಾನೆ, ಅವನಿಗೆ ನಿಮ್ಮವರಲ್ಲಿ ಒಬ್ಬರನ್ನ ಮದುವೆ ಆಗೋ ಮನಸ್ಸು, ಏನು ಮಾಡಬೇಕು’ ಅಂತ. ‘ನಿನ್ನ ಸ್ನೇಹಿತ ನಮ್ಮ ಮತಕ್ಕೆ ಬರಬೇಕು’ ಅಂದ್ರಂತೆ. ‘ಹಾಗೇ ಅವನ ಮೀಸೆ ಬಣ್ಣ ಎಡಗಡೆ ಸರಿಯಾಗಿ ಕೂತಿಲ್ಲ ಅಂತಾನೂ ಹೇಳು’ ಅಂದ್ರಂತೆ. ಅಲ್ಲಿಂದ ಎದ್ದು ಸಮಿತಿಯ ಅಧ್ಯಕ್ಷರ ಹತ್ತಿರ ಹೋದ, ಅದೇ ಸ್ನೇಹಿತನ ಕತೆ. ‘ಅವಳು ನಮ್ಮ ಮತಕ್ಕೆ ಬಂದ್ರೆ ಸರಿ, ಇಲ್ಲದಿದ್ರೆ ನಿನ್ನ ಸ್ನೇಹಿತನ ಕಾಲು ಮುರಿ’ ಅಂದ್ರು ಅವರು. ಒಬ್ಬರ ಮುಖ ಕಂಡ್ರೆ ಒಬ್ಬರಿಗೆ ಆಗಲ್ಲ. ಆದ್ರೂ ನೋಡಿ, ಮಾತು ಒಂದೇ, ಬರೀ ದಿಕ್ಕು ಬೇರೆ.

ಯಾರೂ ಯಾರ ಮತಕ್ಕೂ ಬರದೆ ಆಗೋ ಮದುವೆ ಅಂದ್ರೆ ಕಚೇರಿ ಮದುವೆ. ಅದರಲ್ಲಿ ಹೆಸರು ಬರೆದು ಒಂದು ತಿಂಗಳು ಕಚೇರಿ ಗೋಡೆಗೆ ಅಂಟಿಸ್ತಾರೆ, ತಕರಾರು ಇದ್ದೋರು ಬರಲಿ ಅಂತ. ಆ ಗೋಡೆ ಮುಂದೆ ನಿಂತು ದಿನಾ ಹೆಸರು ಓದ್ತಿದ್ದೋನು ಯಾರು? ಇವನೇ. ಇವನೇ ಕಲಿಸಿದ ಹುಡುಗರು ಈಗ ಓದ್ತಾರೆ. ‘ಅಣ್ಣ, ಯಾರೋ ಜಗವೀರ ಅನ್ನೋನು ಹೆಸರು ಕೊಟ್ಟಿದಾನೆ, ಹೋಗಿ ಬಿಡಿಸೋಣ ಬನ್ನಿ’ ಅಂತ ಇವನ ಹತ್ತಿರವೇ ಓಡಿ ಬರ್ತಾರೆ, ಬೇಕಾದ್ರೆ ನೋಡ್ತಿರಿ.

… ನೀವು ನಗ್ತಿಲ್ಲ ಈಗ.

ಗೊತ್ತು. ಹೋದ ವರ್ಷದ ಆ ಬಸ್‌ಸ್ಟ್ಯಾಂಡ್ ಹತ್ತಿರದ ಹುಡುಗ-ಹುಡುಗಿ ನೆನಪಾದ್ರು ನಿಮಗೆ. ನನಗೂ ಆಗ್ತಾರೆ. ಅವರ ಹೆಸರೂ ಇವನೇ ಓದಿ ಹೇಳಿದ್ದು. ಆ ಹುಡುಗ ಏಟು ತಿಂದು ಊರು ಬಿಟ್ಟ. ಹುಡುಗೀನ ಇನ್ನೆಲ್ಲೋ ಕೊಟ್ಟು ಕೈ ತೊಳ್ಕೊಂಡ್ರು. ಅದನ್ನ ನಿಮ್ಮಿಂದ ಮರೆಸೋಕೆ ಖುರ್ಚನ್ ತಂದಿಲ್ಲ ನಾನು. ಅವನೂ ಮರೆತಿಲ್ಲ. ಆ ಹುಡುಗನ ತಾಯಿ ಮನೆಗೆ ಹೋಗಿದ್ದ ಈಚೆಗೆ. ಬಾಗಿಲು ತೆಗೀಲಿಲ್ಲ ಅವಳು. ಸರಿಯಾಗೇ ಮಾಡಿದ್ಳು. ಹೊರಗೆ ಕಟ್ಟೆ ಮೇಲೆ ಕೂತಿದ್ದು ಎದ್ದು ಬಂದ. ಸಮಿತಿಯವರಿಗೆ ಇನ್ನು ಮೈಕು ಕೊಡಲ್ಲ ಅಂತ ಹೇಳಿದ. ಅದಾದ ಬೆಳಗ್ಗೆ ನಮ್ಮ ಕಿಟಕಿ ಗಾಜು ಒಡೆದಿತ್ತು. ‘ಮಕ್ಕಳ ಚೆಂಡು ಬಿತ್ತು ಅತ್ತಿಗೆ’ ಅಂದ ನನ್ನ ಹತ್ತಿರ. ನಮ್ಮ ಓಣೀಲಿ ಮಕ್ಕಳೆಲ್ಲಿವೆ? ಇಡೀ ಓಣಿಗೆ ಎರಡು, ಅವೂ ಟ್ಯೂಷನ್‌ಗೆ ಹೋಗಿರ್ತವೆ.

ಆದ್ರೂ ನನ್ನನ್ನ ಕಳಿಸಿದ. ಮನೆಗೆ ಹಿರಿಯಳು ನಾನು, ಕೇಳೋಳು ನಾನೇ ತಾನೆ.

ಅದಕ್ಕೆ ಕೇಳ್ತಿದೀನಿ. ನಮ್ಮ ಜಗವೀರನಿಗೆ ನಿಮ್ಮನ್ನ ಕೇಳೋಕೆ ಬಂದಿದೀನಿ ತಸ್ನೀಮ್ ಬೀಬಿ. ನಿಮ್ಮ ನಮಾಜು ನಿಮಗೆ, ಅವನ ಪೂಜೆ ಅವನಿಗೆ. ಅವನೇನು ದೊಡ್ಡ ಪೂಜೆ ಮಾಡಲ್ಲ, ಊದುಬತ್ತಿ ಹಚ್ಚಿ ಅದರಲ್ಲೇ ಬೀಡಿ ಹಚ್ಕೋತಾನೆ. ನಿಮ್ಮ ಅಣ್ಣನ್ನ ಆಮೇಲೆ ಕೇಳೋಣ, ಮೊದಲು ನಿಮ್ಮನ್ನ. ನೀವೂ ಅಪ್ಪ-ಅಮ್ಮನ್ನ ನೋಡ್ಕೊಳ್ತಾ ನೋಡ್ಕೊಳ್ತಾ ಇಷ್ಟು ವಯಸ್ಸು ತಂದ್ಕೊಂಡಿರಿ, ಅವನೂ ತಂದ್ಕೊಂಡಿದಾನೆ. ಒಂದು ಅನುಕೂಲ ನೋಡಿ, ನಿಮ್ಮಿಬ್ಬರಿಂದ ಇನ್ನು ಈ ದೇಶದ ಜನಸಂಖ್ಯೆ ಯಾವ ಕಡೆಗೂ ಒಂದು ತಲೆ ಹೆಚ್ಚೋದಿಲ್ಲ. ಮೌಲವಿ ಸಾಹೇಬರೂ ಅಧ್ಯಕ್ಷರೂ ಲೆಕ್ಕ ಹಾಕೋದು ಬಿಟ್ಟು ಹಾಯಾಗಿ ಮಲಗಬಹುದು.

… ಅದೇನು, ಹೂಂ ಅಂತಲಾ? ಸೊಳ್ಳೆ ಓಡಿಸಿದ್ರಾ? ಇನ್ನೊಂದು ಸಲ ಆಡಿಸಿ ತಲೆ. … ಹೂಂ ಅಂತಾನೇ. ದುಪಟ್ಟಾದಲ್ಲಿ ಮುಖ ಮುಚ್ಕೊಂಡ್ರೆ ಹೇಗೆ, ಮೂಗಿಗೆ ನೀಲಿ ಬಣ್ಣ ಹತ್ತಿದೆ, ಒರೆಸ್ಕೊಳ್ಳಿ. ಅಬ್ಬ. ಎದೆ ಮೇಲಿಂದ ಭಾರ ಇಳೀತು.

ನಾನಾ? ನನ್ನ ಕಡೆ ಯಾಕೆ ತೋರಿಸ್ತೀರಿ? … ಓ, ನಾನೆಲ್ಲಿ ಹೋಗ್ತೀನಿ ಅಂತಲಾ. ನನ್ನದೇನು ದೊಡ್ಡದು. ಹಾಪುಡದಲ್ಲಿ ಮಗಳಿದಾಳೆ, ಅವಳ ಮನೇಲಿ ಒಂದು ಮಂಚ ಹಾಕ್ಕೊಂಡು ಇರ್ತೀನಿ. ಹೊಸಬಳು ಬಂದ ಅಡುಗೆಮನೇಲಿ ಹಳಬಳು ಯಾಕೆ ಅಡ್ಡ… ತಲೆ ಆಡಿಸಬೇಡಿ. ಇಲ್ಲ ಅಂದ್ರೆ? ನಾನೂ ಅಲ್ಲೇ ಇರಬೇಕಾ? ಒಳ್ಳೇ ಕತೆ. ಊರು ಏನನ್ನುತ್ತೆ ಗೊತ್ತಾ? ‘ನಾಲ್ಕು ಹೆಂಡಿರು ನಾಲ್ಕು ಹೆಂಡಿರು ಅಂತ ಕೂಗ್ತಿದ್ದ ಜಗವೀರ, ನೋಡ್ರಪ್ಪಾ, ತಾನೇ ಇಬ್ಬರನ್ನ ಇಟ್ಕೊಂಡಿದಾನೆ. ಒಬ್ಬಳು ಅವರವಳು, ಒಬ್ಬಳು ನಮ್ಮವಳು, ಎರಡೂ ಕಡೆ ಸಮ ಮಾಡಿದಾನೆ’ ಅನ್ನುತ್ತೆ. ಜಗವೀರನ ಇಬ್ಬರು ಹೆಂಡಿರು. ನಾನು, ನೀವು.

ಯಾಕೆ ನಗ್ತಿಲ್ಲ?

ಎಲ್ಲಕ್ಕೂ ನಕ್ಕಿರಿ. ಇದಕ್ಕೆ ನಗಬೇಕಿತ್ತು ನೀವು. ತಮಾಷೆ ಕಣ್ರೀ. ನನಗೇನು ಅಂಥದ್ದಿಲ್ಲ. ಇದ್ದಿದ್ರೆ ಆವಾಗಲೇ ಆಗ್ತಿರಲಿಲ್ವಾ? ನಿಮ್ಮಲ್ಲಿಲ್ಲ, ನಮ್ಮಲ್ಲಿ ಒಂದು ಪದ್ಧತಿ ಇದೆ, ಗಂಡ ತೀರಿಕೊಂಡವಳ ತಲೆ ಮೇಲೆ ಮೈದುನ ಬಂದು ಚಾದರ ಹೊದಿಸಿದ್ರೆ ಆಯ್ತು, ಅವಳು ಅವನ ಹೆಂಡತಿ. ನಮ್ಮನೆಯವರು ಹೋದಾಗ ನನಗೆ ಮೂವತ್ತೂ ತುಂಬಿರಲಿಲ್ಲ, ಮಗಳು ಇಷ್ಟೇ ಇಷ್ಟು. ವರ್ಷ ಕಳೆದ ಮೇಲೆ ಹಿರಿಯರು ಬಂದು ಅಂಗಳದಲ್ಲಿ ಕೂತ್ರು. ನಾನೇ ಬಾಗಿಲಿಗೆ ಬಂದು, ಎಲ್ಲರ ಎದುರಿಗೆ, ನನಗೆ ಬೇಡ, ಎದ್ದು ಹೋಗಿ ಅಂದೆ. ಊರಿಗೆಲ್ಲ ಗೊತ್ತು ಇದು. ಬಿರ್ಮೋ ಅಜ್ಜೀನ ಕೇಳಿ. ವಿಧವೆ ಅತ್ತಿಗೆಯೇ ಇವನು ಬೇಡ ಅಂದ ಮೇಲೆ ಇನ್ಯಾರು ಹೆಣ್ಣು ಕೊಡ್ತಾರೆ ಅಂತ ಜನ ಆಡ್ಕೊಂಡ್ರು. ಅದಕ್ಕೇ ಅವನು ಹಾಗೇ ಉಳಿದ. ಸಮಾಜಸೇವೆ ಎಲ್ಲ ಸುಮ್ಮನೆ.

ಏನು ಹಾಗೆ ನೋಡ್ತೀರಿ?

ನಾನು ಬೇಡ ಅಂದೆ ಅಂತ ಹೇಳಿದೆನಲ್ಲ.

… ಹೇಳಿದಾನೆ. ಅಲ್ವಾ? ನಿನಗೆ ಹೇಳಿಬಿಟ್ಟಿದಾನೆ. ಕಟ್ಟಿಕೊಳ್ಳೋಳಿಗೆ ಹೇಳದೆ ಇರ್ತಾನಾ. ಹೇಳ್ಲಿ ಬಿಡು. ಹೌದು, ನಾನು ಬೇಡ ಅಂದಿರ್ಲಿಲ್ಲ. ಹೂಂ ಅಂದಿದ್ದೆ. ಹಸಿರು ಬಳೆ ಹಾಕ್ಕೊಂಡು ಕೂತಿದ್ದೆ ಕಣೇ ಒಳಗೆ. ವರ್ಷದ ಮೇಲೆ ಕೈಗೆ ಬಳೆ. ಸುಮ್ಮನೆ ಕೈ ಆಡಿಸಿ ಆಡಿಸಿ ಕೇಳಿಸ್ಕೊಳ್ತಿದ್ದೆ. ಹೊರಗೆ ಹಿರಿಯರು, ಚಾದರ, ಎಲ್ಲ ಇತ್ತು. ಅವನೇ ಬರಲಿಲ್ಲ. ಹಿಂದಿನ ಗೋಡೆ ಹಾರಿ, ಯಾರದೋ ಮದುವೆಗೆ ಮೈಕು ಹಾಕೋದಿದೆ ಅಂತ ಹೋಗಿದ್ದ. ಹೊತ್ತು ಏರ್ತು. ಅಂಗಳದಲ್ಲಿ ಗುಸುಗುಸು ಶುರುವಾಯ್ತು. ಅವನಿಗೆ ಇವಳು ಬೇಡವಂತೆ ಅಂತ ಯಾರಾದ್ರೂ ಬಾಯಿ ಬಿಟ್ಟು ಅನ್ನೋಕೆ ಮುಂಚೆ ನಾನೇ ಬಳೆ ಬಿಚ್ಚಿಟ್ಟು ಎದ್ದು ಬಂದೆ. ಬಂದು ಹಾಗಂದೆ.

ಸಂಜೆ ಬಂದ. ಊರವರು ನಗೋದನ್ನ ದಾರೀಲೆಲ್ಲ ಕೇಳ್ಕೊಂಡು ಬಂದಿದ್ದ. ನಾನು ತಟ್ಟೆ ಇಟ್ಟೆ. ಉಂಡ. ‘ಒಳ್ಳೇದು ಮಾಡಿದಿರಿ ಅತ್ತಿಗೆ’ ಅಂದ. ಅಷ್ಟೇ. ಆಮೇಲೆ ಆ ಮಾತು ಮನೇಲಿ ಬರಲೇ ಇಲ್ಲ…

ಇಲ್ವಾ?

ಹೇಳಿಲ್ವಾ ಅವನು? ನಿನಗೂ?

ಅಂದ್ರೆ ನೀನು ಸುಮ್ಮನೆ ನೋಡ್ತಾ ಇದ್ದೆ. ಸುಮ್ಮನೆ ನೋಡಿದ್ದಕ್ಕೆ ನಾನೇ…

ಹೊಟ್ಟೆನೋವು ಬಂದ್ರೂ ಓಣಿಗೆಲ್ಲ ಕೇಳೋ ಹಾಗೆ ನರಳೋನು ಕಣೇ ಅವನು. ಇದೊಂದನ್ನ ನಿನಗೂ ಹೇಳಿಲ್ಲ. ನಗೋರು ನಗಲಿ ಅಂತ ಇಷ್ಟು ವರ್ಷ… ಬಿಡಬೇಡ ಅವನನ್ನ. ಹೂಂ ಅಂದಿದ್ದು ಹಾಗೇ ಇರಲಿ, ನನ್ನ ಮಾತು ಕೇಳಿ ಹಿಂದೆ ತಗೋಬೇಡ. ಹೋಗಿ ಹೇಳ್ತೀನಿ, ಕಾಯ್ತಿರ್ತಾನೆ.

ನೀನ್ಯಾಕೆ ಈ ಕಡೆ ಬಂದು ಕೂತೆ? ಕೈ ಬಿಡು, ಬಣ್ಣ ಮೆತ್ತುತ್ತೆ. … ಆಯ್ತು, ಹಿಡ್ಕೊಂಡಿರು. ಆದ್ರೆ ಈಗಿಂದು ಕೇಳಬೇಡ. ಆಗಿಂದು ಹೇಳಿದೆ, ಅಷ್ಟು ಸಾಕು. ಈಗಿಂದು ಕೇಳಿದ್ರೆ ಸುಳ್ಳು ಹೇಳ್ತೀನಿ ನಾನು.